ಕೊತ್ತಂಬರಿ ಎಣ್ಣೆಯ ದ್ವಿಬಂಧ ಎಲ್ಲಿದೆ ಎಂದು ತೋರಿಸಿಕೊಟ್ಟ ಪ್ರಯೋಗಾಲಯ

ಎಣ್ಣೆಯನ್ನು ಪರೀಕ್ಷೆಗೆ ಕಳಿಸಿದರೆ ಸಾಮಾನ್ಯವಾಗಿ ಕೈಗೆ ಬರುವುದು ಒಂದೇ ಹಾಳೆಯ ವರದಿ. ಎಡಕ್ಕೆ ಕೊಬ್ಬಿನಾಮ್ಲಗಳ ಹೆಸರು, ಬಲಕ್ಕೆ ಶೇಕಡಾ ಪ್ರಮಾಣ, ಕೆಳಗೆ ಸಹಿ ಮತ್ತು ಮೊಹರು. ಆ ಹೆಸರುಗಳನ್ನು ಯಾವ ಆಧಾರದ ಮೇಲೆ ಬರೆದರು ಎಂದು ಕೇಳುವವರು ಕಡಿಮೆ, ಕೇಳಿದರೆ ಉತ್ತರ ಕೊಡುವವರು ಇನ್ನೂ ಕಡಿಮೆ. ಬೆಂಗಳೂರಿನ ಒಂದು ಖಾಸಗಿ ಪ್ರಯೋಗಾಲಯದವರು ಉತ್ತರ ಕೊಡುತ್ತಾರೆ, ಸಾಕ್ಷ್ಯ ಸಮೇತ ಕೊಡುತ್ತಾರೆ. ಅವರು ಇದಕ್ಕೆ ‘ಕೊಬ್ಬಿನಾಮ್ಲ ರಚನಾ ನಿರ್ಣಯ’ ಎಂದು ಹೆಸರಿಟ್ಟಿದ್ದಾರೆ. ಕಳೆದ ವರ್ಷದಿಂದ ನಮ್ಮ ಎಣ್ಣೆಗಳನ್ನು ಅವರಿಗೆ ಕಳಿಸುತ್ತಿದ್ದೇನೆ. ಸೇವೆ ದುಬಾರಿ, ನಿಧಾನ, ಒಂದು ಎಣ್ಣೆಯ ವಿಷಯದಲ್ಲಿ ಅವರು ಎಡವಿದರು ಕೂಡ. ಆದರೂ ಎಣ್ಣೆಯ ವ್ಯಾಪಾರದಲ್ಲಿ ಇರುವವರು ಒಮ್ಮೆಯಾದರೂ ಈ ಬಗೆಯ ಪರೀಕ್ಷೆ ಮಾಡಿಸಬೇಕು ಎಂದು ಖಚಿತವಾಗಿ ಹೇಳುತ್ತೇನೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಪ್ರಯೋಗಾಲಯದ ಹೆಸರನ್ನು ಬರೆಯುತ್ತಿಲ್ಲ. ಇಂಥ ಸೇವೆ ಹೇಗಿರಬೇಕು, ಅದರಲ್ಲಿ ಏನನ್ನು ನೋಡಬೇಕು ಎಂಬುದೇ ಇಲ್ಲಿ ಮುಖ್ಯ.

ನನ್ನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕಾಲೇಜಿನಲ್ಲಿ ಸಾವಯವ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದೆ. ಈಗ ಧಾರವಾಡದ ಬಳಿ ನಮ್ಮ ಮನೆಯವರು ಗಾಣ ನಡೆಸುತ್ತಾರೆ, ಗುಣಮಟ್ಟದ ಲೆಕ್ಕಪತ್ರ ನನ್ನದು. ಕುಸುಬೆ, ಶೇಂಗಾ, ಅಗಸೆ, ಗುರೆಳ್ಳು ನಮ್ಮ ನಿತ್ಯದ ಎಣ್ಣೆಗಳು. ಎರಡು ಹಂಗಾಮುಗಳಿಂದ ಕೊತ್ತಂಬರಿ ಬೀಜವನ್ನೂ ಹಿಂಡುತ್ತಿದ್ದೇವೆ. ನಮ್ಮ ಎರೆನೆಲದಲ್ಲಿ ಹಿಂಗಾರಿಯಲ್ಲಿ ಕಡಲೆಯ ಜೊತೆಗೆ ಕೊತ್ತಂಬರಿ ಬೆಳೆಯುವ ರೈತರಿದ್ದಾರೆ. ಬಣ್ಣ ಮಾಸಿದ, ಒಡೆದ ಕಾಳಿಗೆ ಮಸಾಲೆ ಮಾರುಕಟ್ಟೆಯಲ್ಲಿ ಬೆಲೆ ಸಿಗುವುದಿಲ್ಲ. ಆ ಕಾಳನ್ನು ನಾವು ಕೊಳ್ಳುತ್ತೇವೆ. ಬರುವ ಎಣ್ಣೆ ಕಡುಹಸಿರು ಕಂದು ಬಣ್ಣದ್ದು, ಘಮಘಮಿಸುವಂಥದ್ದು, ಇಳುವರಿ ಮಾತ್ರ ಕಡಿಮೆ. ಅದನ್ನು ಕೊಳ್ಳುವವರು ಸಾಬೂನು ಮತ್ತು ಚರ್ಮದ ಲೇಪ ತಯಾರಿಸುವವರು. ಅವರು ಕೇಳುವುದು ಒಂದೇ ಮಾತು: ಈ ಬೀಜದ ವಿಶಿಷ್ಟ ಕೊಬ್ಬಿನಾಮ್ಲವಾದ ಪೆಟ್ರೋಸೆಲಿನಿಕ್ ಆಮ್ಲ ಇದರಲ್ಲಿ ಇದೆ ಎಂಬುದಕ್ಕೆ ಪುರಾವೆ ಎಲ್ಲಿ?

ಪುರಾವೆಗಾಗಿ ಮೊದಲು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದ್ದೆವು. ಅಲ್ಲಿಂದ ಬಂದ ವರದಿಯಲ್ಲಿ ಪೆಟ್ರೋಸೆಲಿನಿಕ್ ಎಂಬ ಹೆಸರೇ ಇರಲಿಲ್ಲ. ಎಣ್ಣೆಯ ಬಹುಭಾಗ ಒಲಿಯಿಕ್ ಆಮ್ಲ ಎಂದು ಅಚ್ಚಾಗಿತ್ತು. ಆ ಲೆಕ್ಕದಲ್ಲಿ ನಮ್ಮ ಕೊತ್ತಂಬರಿ ಎಣ್ಣೆಗೂ ಆಲಿವ್ ಎಣ್ಣೆಗೂ ವ್ಯತ್ಯಾಸವೇ ಇಲ್ಲ ಎಂದಾಯಿತು. ಗಿರಾಕಿ ಸಹಜವಾಗಿಯೇ ಹಿಂದೆ ಸರಿದರು.

ಅಂಥ ವರದಿ ಏಕೆ ಬರುತ್ತದೆ ಎಂಬುದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಒಲಿಯಿಕ್ ಮತ್ತು ಪೆಟ್ರೋಸೆಲಿನಿಕ್ ಎರಡರಲ್ಲೂ 18 ಇಂಗಾಲದ ಪರಮಾಣುಗಳು, ಎರಡರಲ್ಲೂ ಒಂದೇ ದ್ವಿಬಂಧ (ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ), ಎರಡರ ಅಣುತೂಕವೂ 282. ದ್ವಿಬಂಧದ ಎರಡು ಬದಿಯ ಸರಪಳಿಗಳೂ ಎರಡರಲ್ಲಿಯೂ ಒಂದೇ ಪಕ್ಕಕ್ಕಿವೆ, ಅಂದರೆ ಎರಡೂ ಸಿಸ್ ರೂಪದವು. ವ್ಯತ್ಯಾಸ ಒಂದೇ: ಆಮ್ಲದ ತುದಿಯಿಂದ ಎಣಿಸಿದರೆ ಒಲಿಯಿಕ್‌ನಲ್ಲಿ ದ್ವಿಬಂಧ ಒಂಬತ್ತನೆಯ ಇಂಗಾಲದಿಂದ ಶುರುವಾಗುತ್ತದೆ, ಪೆಟ್ರೋಸೆಲಿನಿಕ್‌ನಲ್ಲಿ ಆರನೆಯದರಿಂದ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಒಲಿಯಿಕ್ ಆಮ್ಲ ಸುಮಾರು 13 ಡಿಗ್ರಿಯಲ್ಲಿ ಕರಗುತ್ತದೆ, ಪೆಟ್ರೋಸೆಲಿನಿಕ್ ಸುಮಾರು 30 ಡಿಗ್ರಿಯಲ್ಲಿ. ಒಲಿಯಿಕ್‌ನದೇ ದ್ವಿಬಂಧವನ್ನು ಅದೇ ಒಂಬತ್ತರಲ್ಲಿ ಇಟ್ಟು ಟ್ರಾನ್ಸ್ ರೂಪಕ್ಕೆ ತಿರುಗಿಸಿದರೆ ಎಲೈಡಿಕ್ ಆಮ್ಲ, ಅದು ಕರಗಲು 44 ಡಿಗ್ರಿಯ ಆಸುಪಾಸು ಬೇಕು. ದ್ವಿಬಂಧ ಎಷ್ಟಿವೆ ಎಂಬುದರಷ್ಟೇ, ಎಲ್ಲಿವೆ ಮತ್ತು ಯಾವ ಕಡೆ ತಿರುಗಿವೆ ಎಂಬುದೂ ಆಮ್ಲದ ಸ್ವಭಾವವನ್ನು ನಿರ್ಧರಿಸುತ್ತದೆ.

ಮಾಮೂಲಿ ಪರೀಕ್ಷೆಯಲ್ಲಿ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರುಗಳಾಗಿ ಪರಿವರ್ತಿಸಿ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರಕ್ಕೆ ಕೊಡುತ್ತಾರೆ. ಕೂದಲಿನಷ್ಟು ತೆಳು ರಂಧ್ರದ ಉದ್ದನೆಯ ನಳಿಕೆಯಲ್ಲಿ ಅನಿಲದ ಜೊತೆ ಸಾಗುತ್ತ ಒಂದೊಂದು ಎಸ್ಟರು ಒಂದೊಂದು ಹೊತ್ತಿಗೆ ಹೊರಬರುತ್ತದೆ, ನಕ್ಷೆಯಲ್ಲಿ ಒಂದೊಂದು ಶಿಖರವಾಗಿ ಕಾಣುತ್ತದೆ. ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಬೇರ್ಪಡಿಸಿ ತೋರಿಸಿದ್ದೇ ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳನ್ನು. ಇಂದಿಗೂ ಪ್ರಮಾಣ ಅಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಆದರೆ ಯಂತ್ರ ಹೇಳುವುದು ಹೊತ್ತನ್ನು ಮಾತ್ರ. ಹೆಸರನ್ನು ಬರೆಯುವವರು ನಾವು, ಗೊತ್ತಿರುವ ಎಸ್ಟರುಗಳ ಒಂದು ಮಿಶ್ರಣ ಯಾವ ಹೊತ್ತಿಗೆ ಹೊರಬಂತು ಎಂಬುದಕ್ಕೆ ಹೋಲಿಸಿ. ಎಲ್ಲ ಕಡೆ ಬಳಕೆಯಲ್ಲಿರುವ 37 ಎಸ್ಟರುಗಳ ಮಿಶ್ರಣದಲ್ಲಿ ಪೆಟ್ರೋಸೆಲಿನಿಕ್ ಇಲ್ಲವೇ ಇಲ್ಲ. ಇದ್ದಿದ್ದರೂ ಅದರ ಎಸ್ಟರು ಒಲಿಯಿಕ್‌ನ ಎಸ್ಟರಿಗೆ ಅಂಟಿಕೊಂಡಂತೆಯೇ ಹೊರಬರುತ್ತದೆ. ಹೀಗಾಗಿ ಕೊತ್ತಂಬರಿ ಎಣ್ಣೆಗೆ ಒಲಿಯಿಕ್ ಎಂಬ ಹಣೆಪಟ್ಟಿ ಬೀಳುತ್ತದೆ. ಜೀರಿಗೆ, ಅಜವಾನದ ಸ್ಥಿರ (ಆವಿಯಾಗಿ ಹೋಗದ) ಎಣ್ಣೆಗಳಿಗೂ ಇದೇ ಗತಿ, ಏಕೆಂದರೆ ಆ ಸಸ್ಯಕುಟುಂಬದ ಬಹುತೇಕ ಬೀಜಗಳಲ್ಲಿ ಪೆಟ್ರೋಸೆಲಿನಿಕ್ ಇರುತ್ತದೆ.

ಈ ಎರಡನೆಯ ಪ್ರಯೋಗಾಲಯಕ್ಕೆ ಫೋನ್ ಮಾಡಿದಾಗ ಮೊದಲು ಸಮಾಧಾನ ತಂದದ್ದು ಅವರು ಕೇಳಿದ ಪ್ರಶ್ನೆಗಳು. ಮಾತನಾಡಿದ ವಿಶ್ಲೇಷಕಿ ಇನ್ನೂ ಮೂವತ್ತು ದಾಟದ ಹುಡುಗಿ ಇರಬೇಕು. ದರ ಹೇಳುವ ಮೊದಲು, “ಯಾವ ಬೀಜ ಮೇಡಂ? ಹಿಂಡುವಾಗ ಬಿಸಿ ಮಾಡಿದ್ದೀರಾ? ನಿಮಗೆ ಪ್ರಮಾಣ ಬೇಕೋ, ದ್ವಿಬಂಧದ ಸ್ಥಾನ ಬೇಕೋ?” ಎಂದು ವಿಚಾರಿಸಿದರು. ಸ್ಥಾನ ಬೇಕು ಎಂದೆ. “ಹಾಗಾದರೆ ಒಂದೇ ಪರೀಕ್ಷೆಯಲ್ಲಿ ಆಗುವುದಿಲ್ಲ, ಎಣ್ಣೆಗೆ ತಕ್ಕಂತೆ ಎರಡೋ ಮೂರೋ ವಿಧಾನ ಜೋಡಿಸಬೇಕಾಗುತ್ತದೆ” ಎಂದು ನೇರವಾಗಿ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅಣುವನ್ನು ಒಡೆದು ಚೂರುಗಳನ್ನು ತೂಗುವ ಯಂತ್ರ ಅದು, ನಿಜ. ಆದರೆ ಮೀಥೈಲ್ ಎಸ್ಟರಿನ ಮೇಲೆ ಎಲೆಕ್ಟ್ರಾನುಗಳ ಹೊಡೆತ ಬಿದ್ದ ತಕ್ಷಣ ದ್ವಿಬಂಧ ಸರಪಳಿಯುದ್ದಕ್ಕೂ ಸರಿದಾಡಲು ತೊಡಗುತ್ತದೆ. ಒಡೆದ ಚೂರುಗಳನ್ನು ನೋಡಿ ಅದು ಮೊದಲು ಎಲ್ಲಿತ್ತು ಎಂದು ಹೇಳಲಾಗುವುದಿಲ್ಲ. ಒಲಿಯಿಕ್ ಮತ್ತು ಪೆಟ್ರೋಸೆಲಿನಿಕ್ ಎಸ್ಟರುಗಳ ರೋಹಿತಗಳನ್ನು, ಅಂದರೆ ಚೂರುಗಳ ತೂಕವನ್ನು ಗೆರೆಗಳಾಗಿ ತೋರಿಸುವ ನಕ್ಷೆಗಳನ್ನು, ಪಕ್ಕಪಕ್ಕ ಇಟ್ಟರೆ ಎರಡರಲ್ಲೂ 296ರಲ್ಲಿ ಇಡೀ ಅಣು, 264ರಲ್ಲಿ ಮೆಥನಾಲ್ ಕಳಚಿದ ಚೂರು, ಸಣ್ಣ ತೂಕಗಳ ಕಡೆ ಒಂದೇ ಬಗೆಯ ಗುಂಪು. ಆದ್ದರಿಂದ ಯಂತ್ರಕ್ಕೆ ಕೊಡುವ ಮೊದಲೇ ದ್ವಿಬಂಧವನ್ನು ಅದು ಇರುವ ಜಾಗದಲ್ಲಿಯೇ ಕಟ್ಟಿಹಾಕಬೇಕು. ರಚನಾ ನಿರ್ಣಯದ ಕಲೆಯೆಲ್ಲ ಈ ಕಟ್ಟಿಹಾಕುವುದರಲ್ಲಿದೆ.

ನಮ್ಮ ಕೊತ್ತಂಬರಿ ಎಣ್ಣೆಗೆ ಅವರು ಬಳಸಿದ್ದು ಡೈಮೀಥೈಲ್ ಡೈಸಲ್ಫೈಡ್. ಅಯೋಡಿನ್ ಜೊತೆಗಿದ್ದರೆ ಇದು ದ್ವಿಬಂಧದ ಎರಡು ಇಂಗಾಲಗಳ ಮೇಲೂ ಒಂದೊಂದು ಗಂಧಕದ ಗುಂಪನ್ನು ಕೂರಿಸುತ್ತದೆ. ಅಣುವಿನ ತೂಕ 296ರಿಂದ 390ಕ್ಕೆ ಏರುತ್ತದೆ. ಈಗ ಎಲೆಕ್ಟ್ರಾನುಗಳ ಹೊಡೆತ ಬಿದ್ದರೆ ಅಣು ಆ ಎರಡು ಗಂಧಕಗಳ ನಡುವೆಯೇ, ಅಂದರೆ ಹಳೆಯ ದ್ವಿಬಂಧ ಇದ್ದ ಜಾಗದಲ್ಲಿಯೇ, ಎರಡು ತುಂಡಾಗುತ್ತದೆ. ತುಂಡುಗಳನ್ನು ತೂಗಿದರೆ ಸ್ಥಾನ ತಿಳಿಯುತ್ತದೆ.

ವರದಿಯ ನಾಲ್ಕನೆಯ ಪುಟವನ್ನು ನಾನು ಎಷ್ಟೋ ಹೊತ್ತು ನೋಡುತ್ತ ಕುಳಿತಿದ್ದೆ. ಬಲತುದಿಯಲ್ಲಿ 390ರ ಗೆರೆ. ನಡುವೆ ಎರಡು ಎತ್ತರದ ಗೆರೆಗಳು, 175 ಮತ್ತು 215. ಆಮ್ಲದ ತುದಿಯಿರುವ ತುಂಡು 175 ತೂಗಬೇಕಾದರೆ ಅದರಲ್ಲಿ ಆರೇ ಇಂಗಾಲದ ಸರಪಳಿ ಇರಲು ಸಾಧ್ಯ. ಉಳಿದ ಹನ್ನೆರಡು ಇಂಗಾಲ 215ರ ತುಂಡಿನಲ್ಲಿವೆ. ದ್ವಿಬಂಧ ಆರಕ್ಕೂ ಏಳಕ್ಕೂ ನಡುವೆ ಇತ್ತು ಎನ್ನುವುದಕ್ಕೆ ಬೇರೆ ಮಾತೇ ಬೇಡ. ಇದು ಪೆಟ್ರೋಸೆಲಿನಿಕ್. ಅದರ ಬೆನ್ನಿಗೇ ಹೊರಬಂದ ಸಣ್ಣ ಶಿಖರದ ರೋಹಿತದಲ್ಲಿ 217 ಮತ್ತು 173ರ ಗೆರೆಗಳು, ಅದು ಒಲಿಯಿಕ್. ಇನ್ನೂ ಸಣ್ಣದೊಂದರಲ್ಲಿ 245 ಮತ್ತು 145, ಹನ್ನೊಂದರಲ್ಲಿ ದ್ವಿಬಂಧ ಇರುವ ಸಿಸ್ ವ್ಯಾಕ್ಸೆನಿಕ್. ಪೆನ್ಸಿಲ್ ಹಿಡಿದು ಕೂಡಿಸಿದೆ: 175ಕ್ಕೆ 215, 217ಕ್ಕೆ 173, 245ಕ್ಕೆ 145. ಮೂರೂ ಜೋಡಿಗಳ ಮೊತ್ತ 390. ಒಂದೇ ತೂಕದ ಮೂರು ಅಣುಗಳು ಮೂರು ಬೇರೆ ಜಾಗಗಳಲ್ಲಿ ಮುರಿದಿವೆ. ಹಿಂದಿನ ವರದಿಯಲ್ಲಿ ಒಂದೇ ಹೆಸರಿನಡಿ ಅಡಗಿದ್ದ ಮೂವರನ್ನು ಈ ಪುಟ ಬೇರೆಬೇರೆಯಾಗಿ ನಿಲ್ಲಿಸಿತ್ತು. ಆ ಪುಟದ ಪ್ರತಿಯನ್ನು ಗಿರಾಕಿಗೆ ಕಳಿಸಿದೆ, ಅವರು ಮರುದಿನವೇ ಫೋನ್ ಮಾಡಿದರು.

ಮೆಚ್ಚಬೇಕಾದ ಇನ್ನೊಂದು ಸಂಗತಿ, ರೋಹಿತಗಳನ್ನು ಅವರು ಬಚ್ಚಿಡುವುದಿಲ್ಲ. ಕೇಳಿದರೆ ಮೂಲ ದತ್ತಾಂಶವನ್ನೂ ಕೊಡುತ್ತಾರೆ. ಸಾಕ್ಷ್ಯ ಕೈಯಲ್ಲಿದ್ದರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಮತ್ತೆ ಪರೀಕ್ಷೆ ಮಾಡಿಸಬೇಕಾಗಿಲ್ಲ, ಪುಟ ತೆರೆದು ತೋರಿಸಿದರಾಯಿತು.

ಅಗಸೆ ಎಣ್ಣೆಗೆ ಅವರು ಹಿಡಿದ ದಾರಿ ಬೇರೆ. ಅಗಸೆಯಲ್ಲಿ ಹೇರಳವಾಗಿರುವ ಆಲ್ಫಾ ಲಿನೊಲೆನಿಕ್ ಆಮ್ಲದಲ್ಲಿ ಮೂರು ದ್ವಿಬಂಧಗಳಿವೆ. ಗಂಧಕದ ವಿಧಾನ ಒಂದೇ ದ್ವಿಬಂಧ ಇದ್ದಾಗ ಸೊಗಸು, ಮೂರಿದ್ದರೆ ಗೋಜಲಾಗುತ್ತದೆ. ಇಲ್ಲಿ ಕಟ್ಟುವುದು ದ್ವಿಬಂಧವನ್ನಲ್ಲ, ಆಮ್ಲದ ತುದಿಯನ್ನು. ಸಾರಜನಕ ಇರುವ ಒಂದು ಉಂಗುರವನ್ನು ಆ ತುದಿಗೆ ಜೋಡಿಸುತ್ತಾರೆ. ಹೊಡೆತ ಬಿದ್ದಾಗ ವಿದ್ಯುದಾವೇಶ ಆ ಸಾರಜನಕದ ಮೇಲೆಯೇ ನಿಲ್ಲುತ್ತದೆ, ದ್ವಿಬಂಧ ಓಡಾಡಲು ಹೋಗುವುದಿಲ್ಲ, ಸರಪಳಿ ಒಂದೊಂದೇ ಇಂಗಾಲದಲ್ಲಿ ಕತ್ತರಿಸಿಕೊಳ್ಳುತ್ತದೆ. ಉಂಗುರಗಳಲ್ಲಿ ಎರಡು ಪ್ರಸಿದ್ಧ: ಪಿಕೊಲಿನಿಲ್ ಎಸ್ಟರು ಮತ್ತು ಚಿಕ್ಕದಾಗಿ ಡಿಎಂಒಎಕ್ಸ್ ಎನ್ನುವ ಡೈಮೀಥೈಲ್ ಆಕ್ಸಜೋಲಿನ್. ನಮಗೆ ಮಾಡಿಕೊಟ್ಟದ್ದು ಡಿಎಂಒಎಕ್ಸ್.

ಅದರ ರೋಹಿತವನ್ನು ಓದುವುದು ಮೆಟ್ಟಿಲು ಹತ್ತಿದಂತೆ. 113, 126 ದಾಟಿದ ಮೇಲೆ 140, 154, 168, 182, 196. ಪ್ರತಿ ಮೆಟ್ಟಿಲೂ 14 ಎತ್ತರ, ಒಂದು ಇಂಗಾಲ ಮತ್ತು ಎರಡು ಹೈಡ್ರೋಜನ್. ದ್ವಿಬಂಧ ಬಂದಲ್ಲಿ ಹೈಡ್ರೋಜನ್ ಕಡಿಮೆ, ಹಾಗಾಗಿ ಮೆಟ್ಟಿಲು ಗಿಡ್ಡ: 12 ಮಾತ್ರ. ನಮ್ಮ ಅಗಸೆಯಲ್ಲಿ 196ರಿಂದ 208ಕ್ಕೆ, 236ರಿಂದ 248ಕ್ಕೆ, 276ರಿಂದ 288ಕ್ಕೆ ಗಿಡ್ಡ ಮೆಟ್ಟಿಲುಗಳಿದ್ದವು. ಅಂದರೆ ಒಂಬತ್ತು, ಹನ್ನೆರಡು, ಹದಿನೈದನೆಯ ಇಂಗಾಲಗಳಲ್ಲಿ ದ್ವಿಬಂಧ. ಮೇಲ್ತುದಿಯಲ್ಲಿ 331, ಇಡೀ ಅಣು. ಎಂಎಸ್ಸಿ ಮಾಡುವ ಮಕ್ಕಳಿಗೆ ಇಂಥದ್ದೊಂದು ರೋಹಿತ ಕೊಟ್ಟು ಅಳತೆಪಟ್ಟಿ ಹಿಡಿದು ಕೂರಿಸಿದರೆ ಒಂದು ಗಂಟೆಯಲ್ಲಿ ಅವರೇ ರಚನೆ ಬರೆಯುತ್ತಾರೆ. ನಾನು ಪಾಠ ಮಾಡುವಾಗ ಇಂಥ ಸ್ವಚ್ಛ ಉದಾಹರಣೆ ಕೈಯಲ್ಲಿ ಇರಲಿಲ್ಲ ಎಂಬ ಕೊರಗು ನನಗಿದೆ.

ಮೂರು ದ್ವಿಬಂಧಗಳ ಆಮ್ಲಗಳಿಗೆ ಮೀಥೈಲ್ ಎಸ್ಟರಿನ ರೋಹಿತವೂ ಪೂರ್ತಿ ನಿರುಪಯೋಗಿಯಲ್ಲ ಎಂಬುದನ್ನೂ ವರದಿಯಲ್ಲಿ ತೋರಿಸಿದ್ದರು. ಬಾಲದ ತುದಿಯಿಂದ ಎಣಿಸಿದಾಗ ಮೊದಲ ದ್ವಿಬಂಧ ಮೂರನೆಯ ಇಂಗಾಲದಲ್ಲಿರುವ ಒಮೇಗಾ-3 ಬಗೆಯದಾದರೆ 108ರಲ್ಲಿ, ಆರನೆಯದರಲ್ಲಿರುವ ಒಮೇಗಾ-6 ಬಗೆಯದಾದರೆ 150ರಲ್ಲಿ ಒಂದು ವಿಶಿಷ್ಟ ಗೆರೆ ಬರುತ್ತದೆ. ಅಗಸೆಯ ಆಲ್ಫಾ ಲಿನೊಲೆನಿಕ್‌ಗೂ ಬೇರೆ ಕೆಲವು ಬೀಜಗಳಲ್ಲಿ ಸಿಗುವ ಗಾಮಾ ಲಿನೊಲೆನಿಕ್‌ಗೂ ಅಣುತೂಕ ಒಂದೇ, ಆದರೆ ಮೊದಲನೆಯದು ಒಮೇಗಾ-3, ಎರಡನೆಯದು ಒಮೇಗಾ-6. ನಮ್ಮದರಲ್ಲಿ 108 ಎದ್ದು ಕಾಣುತ್ತಿತ್ತು. ಡಿಎಂಒಎಕ್ಸ್ ಹೇಳಿದ್ದನ್ನೇ ಇದೂ ಹೇಳಿತು. ಎರಡು ಸ್ವತಂತ್ರ ಸಾಕ್ಷಿಗಳು ಒಂದೇ ಮಾತು ಹೇಳಿದಾಗ ಸಿಗುವ ನೆಮ್ಮದಿಯೇ ಬೇರೆ.

ಇಲ್ಲಿಯೇ ಮೊದಲ ದೂರನ್ನೂ ಹೇಳುತ್ತೇನೆ. ಅಗಸೆಗೆ ಎನ್‌ಎಂಆರ್ ಪರೀಕ್ಷೆಯನ್ನೂ ಕೇಳಿದ್ದೆ, ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಪರಮಾಣುಗಳು ಕೊಡುವ ಸಂಕೇತಗಳನ್ನು ಓದುವ ವಿಧಾನ ಅದು. ಅದಕ್ಕೆ ಎಸ್ಟರು ಮಾಡುವ ಗೊಡವೆಯೇ ಇಲ್ಲ, ಎಣ್ಣೆಯನ್ನು ಹಾಗೆಯೇ ದ್ರಾವಕದಲ್ಲಿ ಕರಗಿಸಿ ಇಡಬಹುದು. ಒಮೇಗಾ-3 ಆಮ್ಲದ ಬಾಲದ ತುದಿಯ ಮೀಥೈಲ್ ಗುಂಪು ದ್ವಿಬಂಧಕ್ಕೆ ತೀರ ಹತ್ತಿರವಾದ್ದರಿಂದ ಉಳಿದೆಲ್ಲ ಆಮ್ಲಗಳ ಮೀಥೈಲ್ ಸಂಕೇತ 0.88 ಪಿಪಿಎಂ (ಸಂಕೇತದ ಸ್ಥಾನ ಹೇಳುವ ಅಳತೆ) ಸುತ್ತ ಇದ್ದರೆ ಇದು 0.97ರ ಹತ್ತಿರ ಬೇರೆಯೇ ನಿಲ್ಲುತ್ತದೆ. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಹೈಡ್ರೋಜನ್‌ಗಳು 2.8ರಲ್ಲಿ. ಎಣ್ಣೆಯ ಒಟ್ಟು ಚಿತ್ರವನ್ನು ಇಷ್ಟು ಸುಲಭವಾಗಿ ಕೊಡುವ ವಿಧಾನ ಇನ್ನೊಂದಿಲ್ಲ. ಆದರೆ ಆ ಯಂತ್ರ ಇವರ ಬಳಿ ಇಲ್ಲ, ಹೊರಗೆ ಮಾಡಿಸಿಕೊಡುತ್ತಾರೆ. ಹಣ ಕಟ್ಟುವಾಗ ಇದನ್ನು ಹೇಳಲಿಲ್ಲ. ಉಳಿದ ವರದಿ ಬಂದು ಬಹಳ ದಿನಗಳಾದ ಮೇಲೆ, ನಾನು ಮೇಲಿಂದ ಮೇಲೆ ಕೇಳಿದ ಮೇಲೆ, ಎನ್‌ಎಂಆರ್ ಹಾಳೆ ಬಂತು. ಅಗಸೆ ಎಣ್ಣೆ ಗಾಳಿಗೆ ಬೇಗ ಕೆಡುವಂಥದ್ದು. ಅಷ್ಟು ದಿನ ಮಾದರಿಯನ್ನು ಎಲ್ಲಿ, ಹೇಗೆ ಇಟ್ಟಿದ್ದರು ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗಲಿಲ್ಲ.

ದೊಡ್ಡ ದೂರು ಹಾಗಲ ಬೀಜದ ಎಣ್ಣೆಯದು. ನಮ್ಮ ಪಕ್ಕದ ಊರಿನಲ್ಲಿ ಮಹಿಳಾ ಸಂಘದವರು ಹಾಗಲಕಾಯಿ ಒಣಗಿಸಿ ಮಾರುತ್ತಾರೆ, ಬಲಿತ ಬೀಜ ತಿಪ್ಪೆಗೆ ಹೋಗುತ್ತಿತ್ತು. ಅದನ್ನು ಹಿಂಡಿ ನೋಡಿದೆವು. ಆ ಎಣ್ಣೆಯಲ್ಲಿ ಹೇರಳವಾಗಿರುವುದು ಆಲ್ಫಾ ಎಲಿಯೊಸ್ಟಿಯರಿಕ್ ಆಮ್ಲ. ಅಗಸೆಯ ಆಮ್ಲದಂತೆಯೇ 18 ಇಂಗಾಲ, ಮೂರು ದ್ವಿಬಂಧ. ಆದರೆ ಇಲ್ಲಿ ದ್ವಿಬಂಧಗಳ ನಡುವೆ ಅಂತರವಿಲ್ಲ, ಒಂಬತ್ತು, ಹನ್ನೊಂದು, ಹದಿಮೂರರಲ್ಲಿ ಒಂದರ ಪಕ್ಕ ಒಂದು ಕುಳಿತಿವೆ. ಮೊದಲನೆಯದು ಸಿಸ್, ಉಳಿದೆರಡು ಟ್ರಾನ್ಸ್. ಬಣ್ಣ, ವಾರ್ನಿಷ್‌ಗಳಲ್ಲಿ ಹೆಸರಾದ ಟಂಗ್ ಎಣ್ಣೆಯಲ್ಲಿ ಇರುವುದೂ ಇದೇ. ಮರಕ್ಕೆ ಬಳಿದರೆ ಬೇಗ ಒಣಗಿ ಗಟ್ಟಿ ಪದರವಾಗುವುದು ಈ ಜೋಡಣೆಯ ಕಾರಣಕ್ಕೆ. ಮರಗೆಲಸದವರಿಗೆ ಮಾರಬಹುದೇ ಎಂಬ ಯೋಚನೆ ನಮ್ಮದು.

ಇಂಥ ಒತ್ತೊತ್ತಾದ ದ್ವಿಬಂಧಗಳು ಆಮ್ಲೀಯ ವಾತಾವರಣವನ್ನು ಸಹಿಸುವುದಿಲ್ಲ. ಬಿಸಿ ಮಾಡಿದ ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಎಸ್ಟರು ಮಾಡಿದರೆ ಸಿಸ್ ಇದ್ದದ್ದು ಟ್ರಾನ್ಸ್ ಆಗುತ್ತದೆ, ಎಣ್ಣೆಯಲ್ಲಿ ಇಲ್ಲದ ಸಮಾಂಗಿಗಳು, ಅಂದರೆ ಅದೇ ಪರಮಾಣುಗಳ ಬೇರೆ ಜೋಡಣೆಗಳು, ಪರೀಕ್ಷಾ ನಳಿಕೆಯಲ್ಲಿ ಹುಟ್ಟಿಕೊಳ್ಳುತ್ತವೆ. ಸೋಡಿಯಂ ಮೆಥಾಕ್ಸೈಡ್ ಬಳಸಿ ತಣ್ಣಗೆ ಮಾಡಬೇಕು. ಬೀಜದ ಹೆಸರನ್ನು ಅರ್ಜಿಯಲ್ಲಿ ದೊಡ್ಡದಾಗಿ ಬರೆದಿದ್ದೆ. ಆದರೂ ಬಂದ ಮೊದಲ ವರದಿಯಲ್ಲಿ ಒಂದರ ಪಕ್ಕ ಒಂದು ನಾಲ್ಕಾರು ಶಿಖರಗಳು, ಎಲ್ಲಕ್ಕೂ ‘ಸಮಾಂಗಿ’ ಎಂಬ ಚೀಟಿ. ವಿಧಾನದ ಸಾಲಿನಲ್ಲಿ ಬೋರಾನ್ ಟ್ರೈಫ್ಲೋರೈಡ್ ಎಂದಿತ್ತು. ಅಗಸೆ, ಕುಸುಬೆಗೆ ಸರಿಹೊಂದುವ ವಿಧಾನವನ್ನೇ ಯೋಚಿಸದೆ ಇದಕ್ಕೂ ಹಾಕಿದ್ದರು. ಇಂಥದ್ದನ್ನು ಪರಿಣತರು ಎಂದು ಹೇಳಿಕೊಳ್ಳುವವರು ಮಾಡಬಾರದು. ಅರ್ಥವಾಗದ ಗಿರಾಕಿಯಾಗಿದ್ದರೆ ಆ ಸುಳ್ಳು ಸಮಾಂಗಿಗಳನ್ನು ನಿಜವೆಂದು ನಂಬಿ ಮುಂದುವರಿಯುತ್ತಿದ್ದರು.

ಫೋನ್ ಮಾಡಿದೆ. ಅದೇ ವಿಶ್ಲೇಷಕಿ ಮೇಲಿನವರನ್ನು ಕೇಳಿ ಅರ್ಧ ಗಂಟೆಯಲ್ಲಿ ತಿರುಗಿ ಕರೆದರು. “ನೀವು ಹೇಳಿದ್ದು ಸರಿ ಮೇಡಂ, ಈ ಮಾದರಿ ಮಾಮೂಲಿ ಸಾಲಿನಲ್ಲಿ ಹೋಗಿಬಿಟ್ಟಿದೆ. ಹಣ ಕೇಳುವುದಿಲ್ಲ, ಮತ್ತೆ ಮಾಡಿಕೊಡುತ್ತೇವೆ” ಎಂದರು. ಎರಡನೆಯ ವರದಿ ಸರಿಯಾಗಿತ್ತು: ಒಂದು ದೊಡ್ಡ ಶಿಖರ, ಪಕ್ಕದಲ್ಲಿ ತೀರ ಸಣ್ಣವು. ಜೊತೆಗೆ ನಾನು ಕೇಳದಿದ್ದರೂ ಎಸ್ಟರು ಮಾಡದ ಎಣ್ಣೆಯ ಅತಿನೇರಳೆ ರೋಹಿತವನ್ನೂ ಸೇರಿಸಿದ್ದರು. 271 ನ್ಯಾನೊಮೀಟರ್ ಸುತ್ತ ನಡುವಿನ ಎತ್ತರದ ಶಿಖರ, ಅದರ ಎರಡು ಪಕ್ಕದಲ್ಲಿ ಒಂದೊಂದು ಗಿಡ್ಡದ್ದು. ಒತ್ತೊತ್ತಾದ ಮೂರು ದ್ವಿಬಂಧಗಳ ಗುರುತು ಅದು. ಎರಡೇ ಒತ್ತಾಗಿದ್ದರೆ 233ರ ಬಳಿ ಒಂದೇ ಉಬ್ಬು ಇರುತ್ತಿತ್ತು. ಎಸ್ಟರು ಮಾಡದೆ ತೆಗೆದ ಈ ರೋಹಿತ, ಒತ್ತೊತ್ತಾದ ಮೂರು ದ್ವಿಬಂಧಗಳು ಮೂಲ ಎಣ್ಣೆಯಲ್ಲಿಯೇ ಇವೆ ಎಂಬುದನ್ನು ಚೆನ್ನಾಗಿ ಹೇಳಿತು. ತಪ್ಪನ್ನು ತಿದ್ದಿಕೊಂಡ ರೀತಿ ನನಗೆ ಇಷ್ಟವಾಯಿತು. ಹಾಗಿದ್ದರೂ ಒಂದು ನಕ್ಷತ್ರ ಕಡಿತಗೊಳಿಸಿದ್ದೇನೆ.

ಟ್ರಾನ್ಸ್ ಕೊಬ್ಬಿನ ಪರೀಕ್ಷೆಯ ಬಗ್ಗೆಯೂ ಬರೆಯಬೇಕು, ಏಕೆಂದರೆ ಹೆಚ್ಚಿನವರು ಇವರ ಬಳಿ ಹೋಗುವುದು ಅದಕ್ಕೇ. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಅದಕ್ಕೆ ಹಿಂದಿನ ವರ್ಷ ಶೇ 3 ಇತ್ತು. ನಮ್ಮ ಗಾಣದ ಎಣ್ಣೆಗಳಿಗೆ ಇದರ ಚಿಂತೆಯಿಲ್ಲ. ಆದರೆ ಅಥಣಿ ಕಡೆ ತುಪ್ಪ ಮಾರುವ ನನ್ನ ತಂಗಿಗೆ ಚಿಂತೆಯಿತ್ತು. ಹಸು, ಎಮ್ಮೆಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಸಹಜವಾಗಿಯೇ ಟ್ರಾನ್ಸ್ ಆಮ್ಲಗಳನ್ನು ಮಾಡುತ್ತವೆ, ತುಪ್ಪದಲ್ಲಿ ಅವು ಇದ್ದೇ ಇರುತ್ತವೆ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಸೆಂಟಿಮೀಟರಿಗೆ 966 ತರಂಗಗಳ ಬಳಿಯ ಪಟ್ಟಿ ಟ್ರಾನ್ಸ್ ಇದೆ ಎಂದು ಹೇಳುತ್ತದೆ, ಅದು ಹಸುವಿನದೋ ವನಸ್ಪತಿಯದೋ ಎಂದು ಹೇಳುವುದಿಲ್ಲ. ಅದನ್ನು ಹೇಳುವುದೂ ದ್ವಿಬಂಧದ ಸ್ಥಾನವೇ. ತುಪ್ಪದಲ್ಲಿ ಹನ್ನೊಂದರ ಟ್ರಾನ್ಸ್ ವ್ಯಾಕ್ಸೆನಿಕ್ ಮೇಲುಗೈ, ಅರೆ ಹೈಡ್ರೋಜನೀಕರಿಸಿದ ಕೊಬ್ಬಿನಲ್ಲಿ ಒಂಬತ್ತು, ಹತ್ತು, ಹನ್ನೊಂದು ಎಂದು ಹಲವು ಸ್ಥಾನಗಳಲ್ಲಿ ಹರಡಿಕೊಂಡಿರುತ್ತದೆ.

ಇದಕ್ಕೆ ಅವರು ಬೆಳ್ಳಿಯನ್ನು ಬಳಸುತ್ತಾರೆ. ಬೆಳ್ಳಿಯ ಅಯಾನು (ವಿದ್ಯುದಾವೇಶ ಹೊತ್ತ ಕಣ) ದ್ವಿಬಂಧದ ಎಲೆಕ್ಟ್ರಾನುಗಳನ್ನು ಸಡಿಲವಾಗಿ ಹಿಡಿದುಕೊಳ್ಳುತ್ತದೆ. ಸಿಸ್ ದ್ವಿಬಂಧವನ್ನು ಗಟ್ಟಿಯಾಗಿ, ಟ್ರಾನ್ಸ್ ದ್ವಿಬಂಧವನ್ನು ಅಷ್ಟು ಗಟ್ಟಿಯಾಗಿ ಅಲ್ಲ. ಬೆಳ್ಳಿ ತುಂಬಿದ ಸಣ್ಣ ಕೊಳವೆಯ ಮೂಲಕ ಎಸ್ಟರುಗಳನ್ನು ಹಾಯಿಸಿದರೆ ದ್ವಿಬಂಧವೇ ಇಲ್ಲದ ಪರ್ಯಾಪ್ತ ಆಮ್ಲಗಳು ಮೊದಲು, ಟ್ರಾನ್ಸ್ ಆಮೇಲೆ, ಸಿಸ್ ಅದರ ನಂತರ ಇಳಿಯುತ್ತವೆ. ಮೋರಿಸ್ 1962ರಲ್ಲಿ ಸಿಲ್ವರ್ ನೈಟ್ರೇಟ್ ಬಳಿದ ಗಾಜಿನ ಹಲಗೆಯ ಮೇಲೆ ಇದನ್ನು ಮಾಡಿ ತೋರಿಸಿದಾಗಿನಿಂದ ತತ್ತ್ವ ಬದಲಾಗಿಲ್ಲ. ಬೇರ್ಪಟ್ಟ ಟ್ರಾನ್ಸ್ ಭಾಗವನ್ನು ನೂರು ಮೀಟರ್ ಉದ್ದದ, ಸಯಾನೊಪ್ರೊಪೈಲ್ ಲೇಪನದ ನಳಿಕೆಗೆ ಕೊಡುತ್ತಾರೆ. ಬೆಳ್ಳಿಯ ಹಂತವನ್ನು ಬಿಟ್ಟು ನೇರವಾಗಿ ಆ ನಳಿಕೆಗೆ ಕೊಟ್ಟರೆ ಟ್ರಾನ್ಸ್‌ನ ಕೊನೆಯ ಕೆಲವು ಸಮಾಂಗಿಗಳು ಒಲಿಯಿಕ್‌ನ ದೊಡ್ಡ ಶಿಖರದ ಕೆಳಗೆ ಮುಚ್ಚಿಹೋಗುತ್ತವೆ. ತಂಗಿಯ ತುಪ್ಪದ ವರದಿ ಸ್ಪಷ್ಟವಾಗಿತ್ತು, ಹನ್ನೊಂದರ ಶಿಖರವೊಂದು ಉಳಿದವನ್ನೆಲ್ಲ ಮೀರಿ ನಿಂತಿತ್ತು. ಅವಳು ಅದನ್ನು ಅಂಗಡಿಯ ಗೋಡೆಗೆ ಹಾಕಿದ್ದಾಳೆ.

ಹಿಂದೆ ಪಠ್ಯದಲ್ಲಿ ಓಝೋನ್ ವಿಧಾನ ಕಲಿತವರು ಅದು ಈಗ ಏನಾಯಿತು ಎಂದು ಕೇಳಬಹುದು. ಓಝೋನ್ ದ್ವಿಬಂಧವನ್ನೇ ಕತ್ತರಿಸುತ್ತದೆ, ಚೂರುಗಳನ್ನು ಗುರುತಿಸಿದರೆ ಸ್ಥಾನ ಸಿಗುತ್ತದೆ. ಒಲಿಯಿಕ್‌ ಆಮ್ಲವನ್ನು ಕತ್ತರಿಸಿ ಉತ್ಕರ್ಷಿಸಿದರೆ ಒಂಬತ್ತು ಇಂಗಾಲದ ಅಜೆಲಾಯಿಕ್ ಮತ್ತು ಒಂಬತ್ತು ಇಂಗಾಲದ ನೊನನೊಯಿಕ್ ಆಮ್ಲ. ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದ ಸಮೀಕರಣ ಅದು. ಮಿಶ್ರಣ ಸರಳವಾಗಿದ್ದರೆ ಇಂದಿಗೂ ಚೆಂದ. ಹಲವು ಆಮ್ಲಗಳಿದ್ದರೆ ಯಾವ ಚೂರು ಯಾವುದರದು ಎಂದು ಹೇಳುವುದು ಕಷ್ಟ. ಅದಕ್ಕೆ ಪರಿಹಾರವಾಗಿ 2008ರ ಹೊತ್ತಿಗೆ ಆಸ್ಟ್ರೇಲಿಯಾದ ವುಲಂಗಾಂಗ್‌ನಲ್ಲಿ ಬ್ಲಾಂಕ್ಸ್‌ಬಿ ಅವರ ತಂಡ ಓಝೋನನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನ ಒಳಗೇ ಬಿಟ್ಟು, ಮೊದಲೇ ಆರಿಸಿ ಹಿಡಿದ ಒಂದೇ ಅಣುವಿನ ಅಯಾನನ್ನು ಕತ್ತರಿಸಿತು. ಎಸಿಟೋನ್ ಮತ್ತು ಅತಿನೇರಳೆ ಬೆಳಕಿನಿಂದ ದ್ವಿಬಂಧಕ್ಕೆ ಗುರುತು ಹಾಕುವ ದಾರಿಯೂ 2014ರಿಂದ ಪ್ರಚಾರಕ್ಕೆ ಬಂದಿದೆ. ಈ ಪ್ರಯೋಗಾಲಯದಲ್ಲಿ ಎರಡೂ ಇಲ್ಲ. ಬೀಜದ ಎಣ್ಣೆ ಮಾರುವ ನಮ್ಮಂಥವರಿಗೆ ಅವು ಬೇಕಾಗಿಯೂ ಇಲ್ಲ.

ದರ ಮಾಮೂಲಿ ಕೊಬ್ಬಿನಾಮ್ಲ ಪರೀಕ್ಷೆಯ ಮೂರು ಪಟ್ಟಿಗಿಂತ ಹೆಚ್ಚು. ಪ್ರತಿ ಹಂಗಾಮಿಗೂ ಮಾಡಿಸುವುದು ಸಣ್ಣ ಗಾಣದವರಿಗೆ ಆಗದ ಮಾತು. ನಾವು ಮಾಡುವುದು ಹೀಗೆ: ಹೊಸ ಬೀಜ ಹಿಂಡಲು ಶುರು ಮಾಡಿದಾಗ ಒಮ್ಮೆ ಪೂರ್ತಿ ರಚನಾ ನಿರ್ಣಯ, ಆಮೇಲೆ ಮಾಮೂಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮಾತ್ರ. ಯಾವ ಶಿಖರ ಯಾರದು ಎಂದು ಒಮ್ಮೆ ಸಾಬೀತಾದ ಮೇಲೆ ಅದೇ ನಳಿಕೆ, ಅದೇ ತಾಪದಲ್ಲಿ ಪ್ರಮಾಣವನ್ನಷ್ಟೇ ಅಳೆದರೆ ಸಾಕು. ಬರೀ ಶೇಂಗಾ, ಕೊಬ್ಬರಿ ಎಣ್ಣೆ ಮಾರುವವರು ಇಷ್ಟು ಹಣ ಹಾಕುವ ಅಗತ್ಯವಿಲ್ಲ, ಅವುಗಳ ಆಮ್ಲಗಳ ಗುರುತಿನಲ್ಲಿ ಗೊಂದಲವೇ ಇಲ್ಲ. ಕೊತ್ತಂಬರಿ, ಜೀರಿಗೆ, ಹಾಗಲ, ದಾಳಿಂಬೆ ಬೀಜದ ಎಣ್ಣೆಯವರಿಗೆ ಮಾತ್ರ ಇದನ್ನು ಬಿಟ್ಟರೆ ಗತಿಯಿಲ್ಲ.

ವರದಿ ಇಂಗ್ಲಿಷಿನಲ್ಲಿ ಮಾತ್ರ ಬರುತ್ತದೆ. ಫೋನಿನಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ವಿವರಿಸಬಲ್ಲವರು ಅರ್ಧ ಪುಟದ ಕನ್ನಡ ಟಿಪ್ಪಣಿಯನ್ನು ಯಾಕೆ ಸೇರಿಸಬಾರದು? ನಮ್ಮ ಮನೆಯವರಿಗೆ, ಬೀಜ ಕೊಡುವ ರೈತರಿಗೆ, ಮಹಿಳಾ ಸಂಘದವರಿಗೆ ಆ ಅರ್ಧ ಪುಟ ಬೇಕು. ಬರೆದು ಕೇಳಿದ್ದೇನೆ, ಪರಿಶೀಲಿಸುತ್ತೇವೆ ಎಂದಿದ್ದಾರೆ.

ಐದಕ್ಕೆ ನಾಲ್ಕು ನಕ್ಷತ್ರ. ಕಳಿಸುವವರು ಕಂದು ಗಾಜಿನ ಬಾಟಲಿ ಬಳಸಿ, ಪ್ಲಾಸ್ಟಿಕ್ ಬೇಡ. ಕತ್ತಿನವರೆಗೂ ತುಂಬಿಸಿ, ಒಳಗೆ ಗಾಳಿ ಉಳಿಯಬಾರದು. ಬಿಸಿಲಿನ ದಿನಗಳಲ್ಲಿ ವಾರದ ಕೊನೆಗೆ ಕೊರಿಯರ್ ಮಾಡಿದರೆ ಭಾನುವಾರವೆಲ್ಲ ಗೋದಾಮಿನಲ್ಲಿ ಕಾಯುತ್ತದೆ, ಸೋಮವಾರ ಬೆಳಿಗ್ಗೆ ಕಳಿಸಿ. ಅರ್ಜಿಯಲ್ಲಿ ಬೀಜದ ಹೆಸರು ಬರೆಯಿರಿ, ಎಸ್ಟರನ್ನು ಯಾವ ವಿಧಾನದಲ್ಲಿ ಮಾಡುತ್ತೀರಿ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಎನ್‌ಎಂಆರ್ ಬೇಕಿದ್ದರೆ ಅದಕ್ಕೆ ಬೇರೆಯೇ ಬಾಟಲಿ ಕೊಟ್ಟು, ಯಾವ ದಿನಾಂಕದೊಳಗೆ ಆಗುತ್ತದೆ ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.